ಮಧುರೆ ದಾರಿಯಲ್ಲಿ ಎತ್ತಿ ಕುಡಿದ ನೀರು

ಶನಿವಾರ ಬೆಳಿಗ್ಗೆ ಅರಿಶಿನಕುಂಟೆಯ ಮನೆಯಿಂದ ಹೊರಟು, ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಮಧುರೆಯ ಶನಿಮಹಾತ್ಮನ ಭಕ್ತರೆಲ್ಲ ಎಳ್ಳೆಣ್ಣೆ ಹಿಡಿದು ಅದೇ ಬಸ್ಸಿನಲ್ಲಿದ್ದರು. ಕಂಡಕ್ಟರು ಆಧಾರ್ ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟ, ಸೀಟು ಮಾತ್ರ ಸಿಗಲಿಲ್ಲ. ಮಧುರೆಯವರೆಗೂ ನಿಂತೇ ಹೋದೆ.

ನನ್ನ ತಮ್ಮ ಮಂಜ ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡೊಂದರಲ್ಲಿ ಸೀರೆ ನೇಯುತ್ತಾನೆ, ವಾಸವೂ ಅಲ್ಲೇ. ಹಿಂದಿನ ದಿನ ಅವನ ಜೊತೆ ಕೆಲಸ ಮಾಡುವ ಮುನಿ ಫೋನ್ ಮಾಡಿದ್ದ. “ಅಕ್ಕಾ, ನನಗೆ ಎಚ್‌ಐವಿ ಅಂತ ಬಂದೈತೆ. ನಾನೂ ಮಂಜನೂ ಒಂದೇ ಸೂಜೀಲಿ ಚುಚ್ಕೊಂಡಿದ್ದೀವಿ. ಟೆಸ್ಟಿಗೆ ಬಾ ಅಂದ್ರೆ ಬರ್ತಿಲ್ಲ. ನೀವೇ ಬಂದು ಕರ್ಕೊಂಡೋಗಿ.” ತಮ್ಮ ಮತ್ತಿನ ಇಂಜೆಕ್ಷನ್‌ಗೆ ಬಿದ್ದಿದ್ದಾನೆ ಎಂಬುದೇ ನನಗೆ ಆಗ ತಿಳಿದದ್ದು. ರಾತ್ರಿಯೆಲ್ಲ ಅವನನ್ನು ಮನಸ್ಸಿನಲ್ಲೇ ಬೈದೆ.

ಬಸ್ಸಿಳಿದು ಶೆಡ್ಡಿನ ಬೀದಿಗೆ ಹೋದಾಗ ಬಿಸಿಲು ಏರಿತ್ತು. ಮಗ್ಗಗಳ ಸದ್ದಿನಲ್ಲಿ ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಆ ಸೆಕೆಯಲ್ಲೂ ಮಂಜ ತುಂಬು ತೋಳಿನ ಅಂಗಿ ತೊಟ್ಟಿದ್ದ. ಕೆನ್ನೆ ಒಳಗೆ ಹೋಗಿತ್ತು. ಕಪಾಳಕ್ಕೆ ಬಾರಿಸಬೇಕೆಂದು ಬಂದವಳು ಕೈ ಹಿಡಿದುಕೊಂಡು ಹೊರಗೆ ಕರೆತಂದೆ.

“ನನಗೇನೂ ಆಗಿಲ್ಲ ಕಣಕ್ಕ. ಚೆನ್ನಾಗೇ ಇದ್ದೀನಿ.”

“ಹಂಗಾದ್ರೆ ಭಯ ಯಾಕೆ? ನಡಿ.”

ಹೋಟೆಲಿನಲ್ಲಿ ಇಡ್ಲಿ ತರಿಸಿದೆ. ಅವನು ಚಟ್ನಿಯಲ್ಲಿ ಬೆರಳಾಡಿಸುತ್ತ ಕೂತ. ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಈ ಪರೀಕ್ಷೆಗೆ ಕಾಸು ಕೇಳುವುದಿಲ್ಲ, ವಿಷಯ ಹೊರಗೂ ಹೋಗುವುದಿಲ್ಲ. ರಕ್ತ ತೆಗೆಯುವ ಮೊದಲು ಸಮಾಲೋಚಕಿ ಅವನನ್ನು ಕೂರಿಸಿ ಮಾತಾಡಿಸಿದರು. ಅವನ ಹಟಕ್ಕೆ ನಾನೂ ಒಳಗಿದ್ದೆ.

“ಬೇರೆಯೋರ ಸೂಜಿ ಮುಟ್ಟಿಲ್ಲ ಮೇಡಂ. ಮುನಿ ನಮ್ಮೋನೇ. ತೊಳ್ಕೊಂಡೇ ಚುಚ್ಕೋತಿದ್ವಿ.”

“ನಮ್ಮೋನು ಅಂತ ರಕ್ತಕ್ಕೆ ಗೊತ್ತಾಗಲ್ಲಪ್ಪ. ನೀರಲ್ಲಿ ತೊಳೆದ್ರೆ ಅದು ಹೋಗಲ್ಲ,” ಎಂದರು ಅವರು.

ಬೆಂಚಿನ ಮೇಲೆ ಕಾದೆವು. ಮತ್ತೆ ಕರೆದಾಗ ಅವರು ಮೊದಲು ಬಾಗಿಲು ಮುಂದೆ ಮಾಡಿದರು. ನನಗೆ ಅಲ್ಲೇ ಅರ್ಥವಾಯಿತು. ಸೋಂಕಿದೆ, ದಿನವೂ ಮಾತ್ರೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು, ಜೊತೆಗೆ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಯಾರಿಗೂ ಬರುವುದಿಲ್ಲ ಎಂದು ಹೇಳಿದರು. ಮಂಜ ನೆಲ ನೋಡುತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಆ ಗಾದೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅವನನ್ನು ನಮ್ಮ ಮನೆಗೇ ಕರೆದುಕೊಂಡು ಹೊರಟೆ. ವಾಪಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಧುರೆ ದಾಟಿದ ಮೇಲೆ ನೀರು ಕೇಳಿದ, ನನ್ನ ಬಾಟಲಿ ಕೊಟ್ಟೆ. ಅಮ್ಮ ಚಿಕ್ಕಂದಿನಲ್ಲಿ ಕಲಿಸಿದಂತೆ ಕತ್ತೆತ್ತಿ, ತುಟಿಗೆ ತಾಗಿಸದೆ ಸುರಿದುಕೊಂಡ. ಬಸ್ಸು ಗುಂಡಿಗೆ ಇಳಿದು ನೀರು ಅಂಗಿಯ ಮೇಲೆ ಚೆಲ್ಲಿತು.

“ಕಚ್ಕೊಂಡೇ ಕುಡಿಯೋ. ಏನೂ ಬರಲ್ಲ ಅಂತ ಮೇಡಂ ಹೇಳಲಿಲ್ವಾ?”

“ಶೆಡ್ಡಲ್ಲೂ ಯಾರೂ ಕಚ್ಚಿ ಕುಡೀತಿರ್ಲಿಲ್ಲಕ್ಕ, ಎಂಜಲು ಅಂತ. ನಾನೂ ಮುನೀನೂ ಹಿಂಗೇ ಎತ್ತಿ ಕುಡಿದು, ಮಿಕ್ಕಿದ ನೀರಲ್ಲಿ ಸೂಜಿ ತೊಳ್ಕೋತಿದ್ವಿ.”

ಬಾಟಲಿ ಕಿತ್ತುಕೊಂಡು, ಅವನ ಕಣ್ಣೆದುರೇ ಕಚ್ಚಿ ಕುಡಿದು ವಾಪಸ್ ಕೊಟ್ಟೆ. “ನಿನಗೂ ಬಂದ್ರೆ?” ಎಂದ. ಆಮೇಲೆ ಮೊದಲಿಗಿಂತ ಮೇಲಕ್ಕೆ ಎತ್ತಿ ಹಿಡಿದು ಕುಡಿದ.