ಎಣ್ಣೆ ಹೊಯ್ದ ಕಿವಿ

ಬೆಕ್ಕಿನ ಕಿವಿ ನೋಡುವ ಮೊದಲು ಡಾಕ್ಟರಮ್ಮ ಮೂಗುತಿ ಬಿಚ್ಚಿಡುತ್ತಿದ್ದರು. ಬಿಳಿ ಹರಳಿನ ದಪ್ಪ ಮೂಗುತಿ. ಅದರ ತಿರುಪು ಸಡಿಲಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬೆಕ್ಕನ್ನು ತೊಡೆಯ ಮೇಲೆ ಅವುಚಿ ಹಿಡಿದು ಅದರ ಕಿವಿಯ ಮೇಲೆ ಮೂಗನ್ನೇ ಇಟ್ಟುಬಿಡುತ್ತಿದ್ದರು. ಒಳ್ಳೆಯ ಕಿವಿಗೆ ವಾಸನೆಯೇ ಇರುವುದಿಲ್ಲವಂತೆ. ಹುಳಿ ಹಿಟ್ಟಿನ ವಾಸನೆ ಬಂದರೆ ಒಂದು ಕಾಯಿಲೆ, ಕೊಳೆತ ವಾಸನೆ ಬಂದರೆ ಇನ್ನೊಂದು. ನೋಡುವವರು ಮುಖ ಸಿಂಡರಿಸುತ್ತಿದ್ದರು. ಡಾಕ್ಟರಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿ, ದನದ ಡಾಕ್ಟರಾಗಿ ಊರೂರು ತಿರುಗಿ, ನಿವೃತ್ತರಾದ ಮೇಲೆ ಚಳ್ಳಕೆರೆಯಲ್ಲಿ ನಮ್ಮ ಎದುರು ಮನೆಗೆ ಬಂದು ಒಬ್ಬರೇ ಇದ್ದರು. ರೇಷ್ಮೆ ನೇಯುವವರ ಮನೆಯಲ್ಲಿ ಬೆಕ್ಕು ಒಳಗೇ ಇರಬೇಕು, ಇಲಿ ನೂಲಿಗೆ ಬಾಯಿ ಹಾಕಿದರೆ ಇಡೀ ಸೀರೆ ಹಾಳು. ಅಮಾವಾಸ್ಯೆಯಂದು ಮಗ್ಗ ನಿಲ್ಲಿಸಿದಾಗ ಅವರ ಅಜ್ಜಿ ಬೆಕ್ಕನ್ನು ಬಾಗಿಲ ಬೆಳಕಿಗೆ ಹಿಡಿದು ಕಿವಿ ನೋಡುತ್ತಿದ್ದರಂತೆ. ಕಿವಿ ಕೇಳದ ಬೆಕ್ಕು ಇಲಿ ಹಿಡಿಯುವುದಿಲ್ಲ. ಡಾಕ್ಟರಮ್ಮನಿಗೆ ಆ ಅಭ್ಯಾಸ ಓದಿಗಿಂತ ಮೊದಲೇ ಬಂದಿತ್ತು.

ಬಲು ಸಿಟ್ಟಿನ ಹೆಂಗಸು. ಬೆಕ್ಕಿನ ಕಿವಿಗೆ ಕಡ್ಡಿ ಹಾಕಿ ಶುಚಿ ಮಾಡಿದೆವೆಂದು ಹೆಮ್ಮೆಯಿಂದ ಹೇಳಿಕೊಂಡವರಿಗೆ ಸರಿಯಾಗಿ ಮಂಗಳಾರತಿ ಆಗುತ್ತಿತ್ತು. ಸಿಟ್ಟು ನೆತ್ತಿಗೇರಿದರೆ “ಚಾಲಮ್ಮಾ ಚಾಲು” ಎಂದು ತೆಲುಗಿಗೆ ಇಳಿಯುತ್ತಿದ್ದರು. ಸಾಕಮ್ಮಾ ಸಾಕು, ಅಲ್ಲಿಗೆ ಮಾತು ಮುಗಿಯಿತು ಎಂದರ್ಥ. ಓಣಿಯವರು ಹಿಂದಿನಿಂದ ನಗುತ್ತಿದ್ದರು. ನನಗೆ ಮಾತ್ರ ಅವರ ಸಿಟ್ಟು ಇಷ್ಟವಾಗುತ್ತಿತ್ತು, ಯಾಕೆಂದರೆ ನಮ್ಮ ಮನೆಯಲ್ಲಿ ಸೊಸೆಗೆ ಸಿಟ್ಟು ಬರುವ ಹಾಗಿರಲಿಲ್ಲ.

ನಾನೊಂದು ಬೂದು ಬಣ್ಣದ ಬೆಕ್ಕು ಸಾಕಿದ್ದೆ. ಬೀದಿನಾಯಿಗಳ ಕಾಟಕ್ಕೆ ಅದನ್ನು ಹೊಸಿಲು ದಾಟಿಸಿದವಳಲ್ಲ. ಒಮ್ಮೆ ಅದು ತಲೆ ಒದರುವುದಕ್ಕೆ ಶುರು ಮಾಡಿತು. ಹಿಂಗಾಲಲ್ಲಿ ಕೆರೆದು ಕೆರೆದು ಕಿವಿಯ ಹಿಂದೆ ಕೂದಲು ಉದುರಿತ್ತು, ಒಳಗೆ ಕಾಫಿಪುಡಿಯಂಥ ಕರಿ ಕೊಳೆ. ಡಾಕ್ಟರಮ್ಮನಿಗೆ ತೋರಿಸಬೇಕು ಎನ್ನುವಷ್ಟರಲ್ಲಿ ಅಪ್ಪನಿಗೆ ಹುಷಾರಿಲ್ಲವೆಂದು ತವರೂರು ನನ್ನಿವಾಳದಿಂದ ಫೋನ್ ಬಂತು. ಹೊರಡುವಾಗ ಅತ್ತೆಗೆ ಬಿಡಿಸಿ ಹೇಳಿದ್ದೆ, ಎದುರು ಮನೆಯವರನ್ನು ಕರೆದು ತೋರಿಸಿ, ನೀವಾಗಿ ಏನೂ ಹಾಕಬೇಡಿ ಎಂದು.

ತವರಿನಿಂದ ಬಂದು ನೋಡಿದರೆ ಬೆಕ್ಕು ಕತ್ತು ವಾರೆ ಮಾಡಿಕೊಂಡು ಮೂಲೆಯಲ್ಲಿ ಕೂತಿದೆ. ಏಳಲು ಹೋಗಿ ಪಕ್ಕಕ್ಕೆ ಉರುಳಿತು. ಕಿವಿಯಿಂದ ಕೆನ್ನೆಯವರೆಗೂ ಎಣ್ಣೆ.

ನಮ್ಮದು ಎಣ್ಣೆ ಮಿಲ್ಲಿನ ಮನೆ. ನೆಗಡಿಗೆ, ಉಳುಕಿಗೆ, ಮಕ್ಕಳ ಕಿವಿನೋವಿಗೆ, ಎಲ್ಲದಕ್ಕೂ ಬೆಳ್ಳುಳ್ಳಿ ಹಾಕಿ ಕಾಯಿಸಿದ ಶೇಂಗಾ ಎಣ್ಣೆ. ಎದುರು ಮನೆಯಲ್ಲೇ ಡಾಕ್ಟರಿದ್ದಾರೆ, ಕರೆದರೆ ಬರುತ್ತಾರೆ. ಅತ್ತೆ ಕರೆಯಲಿಲ್ಲ. ಒಂದು ಬೆಕ್ಕಿಗಾಗಿ ಆಕೆಯ ಮುಂದೆ ಹೋಗಿ ನಿಲ್ಲುವುದು ಅವಮಾನವಂತೆ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ನಾನೇ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದೆ. ಮೂಸಿ ನೋಡಿದರು, ಬೆಳಕು ಬಿಡುವ ಸಣ್ಣ ಕೊಳವೆ ಇಟ್ಟು ಒಳಗೆ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

“ಕಿವಿ ಪರದೆ ತೂತು ಬಿದ್ದೈತೆ. ಅಂಥ ಕಿವಿಗೆ ಕಾಯಿಸಿದ ಎಣ್ಣೆ ಹೊಯ್ದೀರಲ್ರೀ, ಅದು ಬಾಯಿ ಬಿಟ್ಟು ಹೇಳಲ್ಲ ಅಂತಾನಾ?”

ಅತ್ತೆ ಬಿಡಲಿಲ್ಲ. ಮಕ್ಕಳನ್ನೆಲ್ಲ ಇದೇ ಎಣ್ಣೆಯಲ್ಲಿ ಸಾಕಿದ್ದೇನೆ, ನಮ್ಮ ಮಿಲ್ಲಿನ ಎಣ್ಣೆಗೆ ಇವತ್ತಿನವರೆಗೆ ಯಾರೂ ತಪ್ಪು ಹೇಳಿಲ್ಲ ಎಂದರು. ಮನೆಯಿಂದಾಚೆ ಹೋಗದ ಬೆಕ್ಕಿಗೆ ರೋಗ ಎಲ್ಲಿಂದ ಬಂತು ಎಂದೂ ಕೇಳಿದರು. ಕಿಟಕಿಗೆ ಬೀದಿ ಬೆಕ್ಕು ಬಂದು ಮೈ ಉಜ್ಜಿದರೂ ಸಾಕು, ಕಿವಿ ಹುಳ ಹತ್ತುತ್ತದೆ ಎಂದು ಡಾಕ್ಟರಮ್ಮ ವಿವರಿಸಲು ನೋಡಿದರು. ಅತ್ತೆ ಮುಖ ತಿರುಗಿಸಿದರು. ಅಲ್ಲಿಗೆ “ಚಾಲಮ್ಮಾ ಚಾಲು” ಬಂತು. ಬೆಕ್ಕನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡರು.

“ವಾಸಿ ಆಗೋವರೆಗೂ ಇದು ಈ ಮನೇಲಿರಲ್ಲ. ನನ್ನ ಹತ್ರ ಇರ್ತೈತೆ.”

ಅವತ್ತಿನಿಂದ ಎರಡು ಮನೆಗೂ ಮಾತು ನಿಂತಿತು. ನಾನು ಮಾತ್ರ ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಪರದೆ ಹರಿದ ಕಿವಿಗೆ ಎಲ್ಲ ಔಷಧಿಯೂ ಆಗದೆಂದು ಆರಿಸಿ ತಂದ ಬಾಟಲಿ ಅವರ ಕಿಟಕಿಯಲ್ಲಿತ್ತು. ಕಿವಿಯ ತುದಿಯನ್ನು ಮೆಲ್ಲಗೆ ಹಿಡಿಯುವುದು, ಹನಿ ಬಿಡುವುದು, ಬುಡವನ್ನು ನವಿರಾಗಿ ತಿಕ್ಕುವುದು, ತಲೆ ಒದರಲು ಬಿಟ್ಟು ಹೊರಗೆ ಬಂದಷ್ಟನ್ನೇ ಅರಳೆಯಲ್ಲಿ ಒರೆಸುವುದು, ಎಲ್ಲ ಕಲಿಸಿದರು. ತಪ್ಪಿದರೆ ಕೈಮೇಲೆ ಏಟು. ಬೆಕ್ಕು ಕೆರೆಯುವುದು ನಿಲ್ಲಿಸಿದ ದಿನ ನಾನು ಇನ್ನು ಮನೆಗೆ ಒಯ್ಯಲೇ ಎಂದು ಕೇಳಿದೆ.

“ಕೆರೆಯೋದು ನಿಂತರೆ ರೋಗ ಹೋಯ್ತು ಅನ್ಕೋಬ್ಯಾಡ ಕಣವ್ವ. ಅರ್ಧಕ್ಕೆ ಬಿಟ್ಟೋರ ಬೆಕ್ಕೇ ನನ್ನ ಹತ್ರ ತಿರುಗಿ ಬರೋದು.”

ಅರ್ಧಕ್ಕೆ ಬಿಟ್ಟು ಹೋದವರು ಅವರೇ. ಒಂದು ಬೆಳಿಗ್ಗೆ ಹಾಲಿನವನು ಎಷ್ಟು ಕೂಗಿದರೂ ಬಾಗಿಲು ತೆರೆಯಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಮೊಳಕಾಲ್ಮೂರಿನಿಂದ ಅವರ ತಮ್ಮನ ಮಗ ಬಂದ. ಹೆಣವನ್ನು ಜಗುಲಿಯಲ್ಲಿ ಮಲಗಿಸಿದ್ದರು. ಬೆಕ್ಕು ಹೆಣ ದಾಟಬಾರದು ಎಂದು ಯಾರೋ ಅಂದರು. ಅತ್ತೆ ಹೌದೌದು ಎಂದು ತಲೆಯಾಡಿಸಿದರು. ಆ ತಮ್ಮನ ಮಗ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ, ನಾಯಕನಹಟ್ಟಿ ರಸ್ತೆಯಲ್ಲಿ ಎಲ್ಲಾದರೂ ಬಿಟ್ಟು ಬಾ ಎಂದು ಆಟೋದವನಿಗೆ ಕೊಡುತ್ತಿದ್ದ. ನೆಟ್ಟಗೆ ನಿಲ್ಲಲಾರದ, ಒಂದು ಕಿವಿ ಕೇಳದ ಬೆಕ್ಕು. ರಸ್ತೆಗೆ ಬಿದ್ದರೆ ನಾಯಿಗಳು ಬಿಡುತ್ತಿದ್ದವೇ?

ನಾನು ಚೀಲ ಕಿತ್ತುಕೊಂಡೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

“ಇದನ್ನ ಉಳಿಸೋಕೆ ಇವರು ನಮ್ಮನೆ ಮಾತೇ ಬಿಟ್ರು. ಇವರ ಕಣ್ಣೆದುರಿಗೇ ಇದನ್ನ ನಾಯಿಗೆ ಹಾಕ್ತೀರಾ? ಇವತ್ತಿನ ಔಷಧಿ ಇನ್ನೂ ಹಾಕಿಲ್ಲ. ದಾರಿ ಬಿಡ್ರಿ.”

ಹೆಣದ ಮುಂದೆ ಇದೇನೇ ನಿನ್ನ ಹುಚ್ಚು ಎಂದು ಅತ್ತೆ ಗದರಿದರು. ನಾನು ಅಲ್ಲಾಡಲಿಲ್ಲ. ಕೊನೆಗೆ ಅವರೇ ಪಕ್ಕಕ್ಕೆ ಸರಿದರು. ಒಳಗೆ ಹೋಗಿ ಕಿಟಕಿಯ ಬಾಟಲಿ ತಂದು, ಡಾಕ್ಟರಮ್ಮನ ಪಕ್ಕದಲ್ಲೇ ಕೂತು, ಎಲ್ಲರೂ ನೋಡುತ್ತಿರುವಾಗ ಹನಿ ಬಿಟ್ಟೆ. ಬುಡ ತಿಕ್ಕಿದೆ, ಒರೆಸಿದೆ. ಆಮೇಲೆ ಬೆಕ್ಕನ್ನು ಎತ್ತಿಕೊಂಡು ನಮ್ಮ ಮನೆಗೆ ಹೋದೆ.

ಹೆಣದ ಪಕ್ಕ ಕೂತು ಬೆಕ್ಕಿಗೆ ಮದ್ದು ಹಾಕಿದವಳು ಎಂದು ಓಣಿಯವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವತ್ತು ಎಲ್ಲರೂ ಅತ್ತರು, ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ, ಸಿಟ್ಟೊಂದೇ ಇತ್ತು. ಆ ಸಿಟ್ಟಿನಲ್ಲೇ ಒಂದು ದಿನವೂ ತಪ್ಪದೆ ಔಷಧಿ ಹಾಕಿದೆ. ಬಾಟಲಿ ಖಾಲಿಯಾದ ಮಧ್ಯಾಹ್ನ, ಇನ್ನು ನಿಲ್ಲಿಸಬಹುದೇ ಎಂದು ಕೇಳಲು ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದೆ. ಎದುರು ಮನೆಯ ಬೀಗ ಕೈಗೆ ತಾಗಿದಾಗ ಅಲ್ಲೇ ಕೂತು ಅತ್ತುಬಿಟ್ಟೆ.