ತೌಡಿಗೆ ಕೊಂಡವಳು ಇಟ್ಟ ಹೆಸರು

ಪೂಜೆಯ ಬುಕ್ಕಿಟ್ಟಿನ ವಾಸನೆ ಬಂದರೆ ಸಾಕು, ನಾನು ರೋಣದ ಪೇಟೆ ಓಣಿಯಲ್ಲಿ ನಿಂತಿರುತ್ತೇನೆ. ನಮ್ಮ ಮನೆಗೆ ಗೋಡೆ ಹಚ್ಚಿಕೊಂಡೇ ಅತ್ತಾರ ಖಾಸಿಂಬಿಯ ಮನೆ, ಅದರ ಮುಂದೆ ಅವಳ ಅಂಗಡಿ. ಕುಂಕುಮ, ಅರಿಷಿಣ, ಊದಿನಕಡ್ಡಿ, ಮದುವೆಯ ಬಾಸಿಂಗ, ಹತ್ತಿಯಲ್ಲಿ ಅದ್ದಿ ಕಿವಿಗೆ ಸಿಕ್ಕಿಸುವ ಅತ್ತರು, ಎಲ್ಲದರ ಪರಿಮಳ ಗೋಡೆ ದಾಟಿ ನಮ್ಮ ಪಡಸಾಲೆಗೆ ಬಂದು, ಅಪ್ಪನ ಶೇಂಗಾ ಚೀಲಗಳ ಮಣ್ಣುವಾಸನೆಯೊಳಗೆ ಕೂಡಿಕೊಳ್ಳುತ್ತಿತ್ತು. ಆ ಎರಡೂ ಮನೆ ಈಗಿಲ್ಲ. ನಿಮ್ಮ ಬಾಲ್ಯದಲ್ಲೂ ಇಂಥದೊಂದು ಗೋಡೆ ಇದ್ದಿದ್ದರೆ, ಅದು ಬಿದ್ದದ್ದು ಎಷ್ಟು ದೊಡ್ಡ ನಷ್ಟವೆಂದು ನಾನು ಹೇಳಬೇಕಾಗಿಲ್ಲ.

ನನ್ನ ಹೆಸರು ಅಮೀನವ್ವ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಹೆಸರು ಮಾತ್ರ ಅರಬಿ. ಸಾಲೆಯ ಹುಡುಗರು ಕೋರ್ಟಿನಿಂದ ಜಪ್ತಿಗೆ ಬರುವ ಅಮೀನನನ್ನು ನೆನೆದು, "ಅಮೀನ ಬಂದ, ಕೊಡಾ ತಂಬಿಗಿ ಮುಚ್ಚಿಡ್ರಲೇ" ಎಂದು ಕಾಡುತ್ತಿದ್ದರು. ನಾನೇನು ಅಳುವವಳಲ್ಲ, ಬರೆಯುವ ಪಾಟಿಯಿಂದಲೇ ಬಡಿದು ಉತ್ತರ ಕೊಡುತ್ತಿದ್ದೆ. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಕೂಸುಗಳಲ್ಲಿ ಒಂದೂ ತೊಟ್ಟಿಲು ದಾಟಿರಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಕೂಸನ್ನು ಕಾಳು ಕೇರುವ ಮರದಲ್ಲಿ ಮಲಗಿಸಿ, ತೌಡು ಇಸಿದುಕೊಂಡು ಬೇರೆಯವರಿಗೆ ಮಾರಿಬಿಡುವುದು ನಮ್ಮ ಕಡೆಯ ರೂಢಿ. ಸಾಕುವವಳು ಹೆತ್ತವಳೇ, ಆದರೆ ಕೂಸು ಮಂದಿಯದು. ಸಾವು ಹುಡುಕಿಕೊಂಡು ಬಂದರೂ ಆ ಮನೆಯ ಕೂಸು ಅದಕ್ಕೆ ಸಿಗುವುದಿಲ್ಲ. ಮೂವರು ಗಂಡುಮಕ್ಕಳಿದ್ದು ಹೆಣ್ಣಿಲ್ಲದ ಖಾಸಿಂಬಿ ಒಂದು ಸೇರು ತೌಡು ಕೊಟ್ಟು ನನ್ನನ್ನು ಕೊಂಡಳು. ಹೆಸರಿಡುವ ಹಕ್ಕು ಕೊಂಡವಳದು. ನಾನು ಬದುಕಿದೆ, ಅವಳನ್ನು ಆಯಿ ಎಂದು ಕರೆದು ಬೆಳೆದೆ.

ಗಜೇಂದ್ರಗಡದಿಂದ ಸೋದರತ್ತೆ ಬಂದು ನನ್ನನ್ನು ತನ್ನ ಮಗನಿಗೆ ಈಗಲೇ ಮಾತಾಡಿಟ್ಟುಕೊಳ್ಳಬೇಕೆಂದಾಗ ನಾನಿನ್ನೂ ಸಾಲೆಗೆ ಹೋಗುತ್ತಿದ್ದೆ. "ಹುಡುಗಿ ಚಲೋ ಅದಾಳ. ಆ ಹೆಸರ ಮಾತ್ರ ನಮ್ಮ ಹೊಸ್ತಲಾ ದಾಟೂದಿಲ್ಲ. ಬಿಡಿಸ್ಕೊಂಬರ್ರಿ, ನೀಲವ್ವ ಅಂತ ಕರಿಯೋಣು" ಎಂದಳು. ಅಪ್ಪನ ಅವ್ವ, ನಮ್ಮಜ್ಜಿ, ಒಪ್ಪಿದಳು. ತೌಡಿಗೆ ಹೋದದ್ದನ್ನು ಜೋಳ ಕೊಟ್ಟು ಬಿಡಿಸಿಕೊಳ್ಳಬೇಕು, ಆಗ ಹೆಸರೂ ಬದಲಾಗಬಹುದು. ಮರದ ತುಂಬ ಬಿಳಿಜೋಳ ಸುರಿಯುವಾಗ ಅವ್ವ ಮತ್ತೆ ಮತ್ತೆ ನನ್ನ ಮುಖ ನೋಡುತ್ತಿದ್ದಳು. ಹೆಸರು ಹೋದರೆ ಹುಡುಗಿಯೂ ಉಳಿಯುವುದಿಲ್ಲ ಎಂಬ ಹೆದರಿಕೆ ಅವಳಿಗೆ. ನನಗಿದ್ದದ್ದು ಬರೀ ಸಿಟ್ಟು.

ನಾವೆಲ್ಲ ಹೋಗಿ ಜೋಳದ ಮರ ಕೆಳಗಿಟ್ಟಾಗ ಆಯಿಗೆ ಎಲ್ಲ ತಿಳಿಯಿತು. ಒಲ್ಲೆ ಎನ್ನುವ ಹಕ್ಕು ಅವಳಿಗಿತ್ತು. ಅವಳು ನನ್ನ ತಲೆ ಸವರಿ ಅವ್ವನ ಕಡೆ ಸರಿಸಿದಳು.

"ಕರ್ಕೊಂಡು ಹೋಗ್ರಿ. ಅಮೀನಾ ಅಂಬೂದು ಅರಬಿ ಮಾತು. ನಂಬಿ ಇಟ್ಟು ಹೋದದ್ದನ್ನ ಹ್ಯಾಂಗ ಇತ್ತೋ ಹಂಗ ಕಾದು ತಿರುಗಿ ಕೊಡಾಕಿ ಅಂತ ಅದರರ್ಥ. ಖರೇ ಅಂದ್ರ ಆ ಹೆಸರ ಕೂಸಿಗಲ್ರಿ, ನನಗ ಇಟ್ಕೊಂಡಿದ್ದೆ. ಕರದಾಗೊಮ್ಮೆ ನೆನಪಿರ್ಲಿ, ಇದು ನಂದಲ್ಲ ಅಂತ."

ಕೆಲಸ ಸಸಾರವಾಯಿತೆಂದು ಅತ್ತೆ ಎದ್ದು ನಿಂತಳು. ಅಜ್ಜಿಯ ಮುಂದೆ ಎಂದೂ ತುಟಿ ಬಿಚ್ಚದ ನಮ್ಮವ್ವ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಅಂದಳು: "ಇಟ್ಟಾಕಿ ನಾನು, ಕಾದಾಕಿ ಈ ಅಕ್ಕ. ಹೆಸರ ಹಂಗ ಇರ್ತೈತ್ರಿ. ಬ್ಯಾಡಾದವ್ರು ಬ್ಯಾರೆ ಹೆಣ್ಣು ನೋಡ್ಕೋರಿ." ಜೋಳದ ಮರ ಎತ್ತಿಕೊಂಡು, ನನ್ನ ಕೈ ಹಿಡಿದು ಹೊರಟೇಬಿಟ್ಟಳು. ನಾನು ಮಾರಿದ ಕೂಸಾಗಿಯೇ ಉಳಿದೆ. ಅಂಥ ಅವ್ವನ ಹೊಟ್ಟೆಯಲ್ಲಿ ಹುಟ್ಟಿದೆ, ಅಂಥ ಆಯಿಯ ಕೈಗೆ ಬಿದ್ದೆ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಮುಂದೆ ನರಗುಂದದವರು ಹೆಸರು ಸಮೇತ ನನ್ನನ್ನು ಸೊಸೆ ಮಾಡಿಕೊಂಡರು. ಅವ್ವ ಮೊದಲು ಹೋದಳು. ಆಯಿ ತೀರಿಕೊಂಡ ಸುದ್ದಿ ಕೇಳಿ ಬಸ್ಸು ಹಿಡಿದು ಬಂದಾಗ, ಅವಳ ಮನೆಯ ಅಂಗಳದ ತುಂಬ ಅವರ ಪೈಕಿ ಹೆಣ್ಣುಮಕ್ಕಳು. ಹೊಸ್ತಿಲ ಮುಂದೆ ನಿಂತೆ. ನನ್ನ ಹಣೆಯ ಕುಂಕುಮ ನೋಡಿ ಯಾರೂ ಸರಿಯಲಿಲ್ಲ. ಆಯಿಯ ಹಿರಿಯ ಮಗ ದೂರದಿಂದ ನನ್ನನ್ನು ಕಂಡ.

"ದಾರಿ ಬಿಡ್ರಿ," ಎಂದ, "ಅಮ್ಮಾನ ಮಗಳು ಬಂದಾಳ."