ವಾಚಿಗೆ ಹಾಕಿದ ಮಂತ್ರ

ಕೀ ಕೊಡುವ ಹಳೇ ಕೈಗಡಿಯಾರ ಕೂಡಿಹಾಕುವುದರಲ್ಲಿ ಶಿರಸಿ ಸುತ್ತ ನನ್ನಷ್ಟು ಚಾಲಾಕಿ ಇನ್ನೊಬ್ಬನಿಲ್ಲ. ಮಂಚಿಕೇರಿಯ ಒಬ್ಬ ಅಕ್ಕ ತೀರಿಹೋದ ಮಾವನ ವಾಚು ತೋರಿಸಿದರು. ಎಪ್ಪತ್ತು ವರ್ಷ ಹಳೆಯದು, ಗಾಜಿಗೆ ಒಂದು ಗೀರೂ ಇಲ್ಲ. ನನ್ನ ಬಾಯಲ್ಲಿ ನೀರೂರಿತು.

“ಸೆಲ್ ಹೋಯ್ದು ತಮಾ. ಬೇಕಾದ್ರೆ ತಗಂಡು ಹೋಗು.”

ಅಂಥ ವಾಚಿಗೆ ಸೆಲ್ಲೇ ಇರುವುದಿಲ್ಲ. ಬಾಯಿ ಮುಚ್ಚಿಕೊಂಡು ಜೇಬಿಗಿಳಿಸಬೇಕಿತ್ತು. ಆದರೆ ಚೇಷ್ಟೆ ಬಿಡಬೇಕಲ್ಲ! “ಕಣ್ಣು ಮುಚ್ಚಕ್ಕಾ, ಮಂತ್ರ ಹಾಕ್ತೆ” ಅಂದವನು ಏನೋ ಗೊಣಗುತ್ತ ಕೀ ತಿರುಪಿದೆ. ವಾಚು ಟಿಕ್ ಟಿಕ್ ಅಂದಿತು.

“ಅಯ್ಯೋ, ನಡೀತಾ ಇದ್ದು! ಹಂಗಾರೆ ಆನು ಕೊಡ್ತ್ನಿಲ್ಲೆ” ಎಂದು ಕಸಿದುಕೊಂಡರು.

ನಾನು ಹೆದರಲಿಲ್ಲ. ಕೀ ಕೊಡದಿದ್ದರೆ ಎರಡು ದಿನಕ್ಕೆ ನಿಂತೇ ನಿಲ್ಲುತ್ತದೆ. ಮೂರನೇ ದಿನ ಮರುಕದ ಮುಖ ಹೊತ್ತು ಹೋದೆ. “ನಿಂತೋತಾ ಅಕ್ಕಾ?”

ಅಕ್ಕ ಕೈ ಚಾಚಿದರು. ಮಣಿಕಟ್ಟಿನಲ್ಲಿ ವಾಚು ಓಡುತ್ತಿತ್ತು. “ಮಂತ್ರ ಬ್ಯಾಡ ತಮಾ, ದಿನಾ ಬೆಳಗ್ಗೆ ಅದರ ಕಿವಿ ತಿರುಪಿದ್ರೆ ಸಾಕು. ಆನು ಒಂದು ಕಣ್ಣು ಬಿಟ್ಕಂಡೇ ಇದ್ದಿದ್ದೆ.”

ಆಮೇಲೆ ಒಳಗಿಂದ ಮಜ್ಜಿಗೆ ತಂದು, ಭಟ್ಟರಿಗೆ ಕೊಡುವ ಹಾಗೆ ಎರಡೂ ಕೈಯಿಂದ ಕೊಟ್ಟು, “ದಕ್ಷಿಣೆ” ಅಂದರು. ಕುಡಿದೆ. ನನ್ನ ಲೆಕ್ಕ ತಪ್ಪಿತ್ತು, ಮಜ್ಜಿಗೆಯ ಉಪ್ಪು ಮಾತ್ರ ಸರಿಯಾಗಿತ್ತು.